ಹೆಸರಿಲ್ಲದ ಬಿರುಗಾಳಿ

ಪ್ರಶ್ನೆ: ಜಹೀರಾಬಾದ್, ನಾರಾಯಣಖೇಡ, ತಾಂಡೂರಿನಿಂದ ಕಡಲು ಬಲು ದೂರ. ಬಂಗಾಳ ಕೊಲ್ಲಿಯ ಬಿರುಗಾಳಿ ಇಲ್ಲಿಗೂ ತಟ್ಟುತ್ತದೆಯೇ?

ಉತ್ತರ: ತಟ್ಟುತ್ತದೆ, ಮಳೆಯ ರೂಪದಲ್ಲಿ. 2020ರ ಅಕ್ಟೋಬರ್ 13ರ ಬೆಳಿಗ್ಗೆ ಕಾಕಿನಾಡದ ಬಳಿ ದಡ ದಾಟಿದ ವಾಯುಭಾರ ಕುಸಿತ ತೆಲಂಗಾಣ, ಉತ್ತರ ಕರ್ನಾಟಕ ಹಾದು ಮಹಾರಾಷ್ಟ್ರದತ್ತ ಸಾಗಿತು. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟದ್ದರಿಂದ ಅದಕ್ಕೆ ಹೆಸರೂ ಸಿಗಲಿಲ್ಲ. ಆದರೂ ಹೈದರಾಬಾದಿನ ಬಡಾವಣೆಗಳು ಮುಳುಗಿದವು, ಭೀಮೆ ಉಕ್ಕಿ ಹರಿದಳು. ಹೊಲದಲ್ಲಿ ತೊಗರಿ ನಿಂತಿರುವ ತಿಂಗಳದು!

ಇದಕ್ಕೆ ಹೆಸರು ಸಿಗದ ಅದೇ ವರ್ಷ ಅಟ್ಲಾಂಟಿಕ್‌ನಲ್ಲಿ ಹೆಸರು ಪಡೆದ ಬಿರುಗಾಳಿಗಳೇ 30. ಹೆಸರಿನ ಪಟ್ಟಿಯೇ ಮುಗಿದು ಗ್ರೀಕ್ ಅಕ್ಷರಗಳ ಮೊರೆಹೋದರು. ನಮ್ಮ ಅರಬ್ಬೀ ಸಮುದ್ರ 2019ರಲ್ಲೇ ಐದು ಚಂಡಮಾರುತ ಕಂಡಿತ್ತು, ವಾಡಿಕೆ ವರ್ಷಕ್ಕೊಂದು. ಬೆಚ್ಚಗಿನ ಕಡಲನೀರೇ ಇವಕ್ಕೆಲ್ಲ ಮೇವು.

ಆ ಮೇವು ತಪ್ಪಿದೊಡನೆ, ನೆಲಕ್ಕೆ ಬಂದ ಬಿರುಗಾಳಿ ಸೊರಗುತ್ತದೆ, ಹೊತ್ತು ತಂದ ನೀರನ್ನು ದಾರಿಯುದ್ದಕ್ಕೂ ಸುರಿಯುತ್ತದೆ. ಕಾಕಿನಾಡದ ಬಳಿ ಬಿರುಗಾಳಿ ದಡ ದಾಟಿದ ಸುದ್ದಿ ಕಿವಿಗೆ ಬಿದ್ದ ದಿನವೇ ಕಾಗಿಣಾ ನದಿ ದಂಡೆಯವರು ದನಕರುಗಳನ್ನು ಎತ್ತರದ ಜಾಗದಲ್ಲಿ ಕಟ್ಟಲಿ.