ನಾಲ್ವರು ಸೇರಿ ಆಡುವ ಬಂದೂಕಿನಾಟ



‘ಬಾರ್ಡರ್‌ಲ್ಯಾಂಡ್ಸ್’ ಎಂಬ ಹೆಸರು ನಿಮ್ಮ ಮನೆಯ ಮಕ್ಕಳ ಬಾಯಲ್ಲೂ ಕೇಳಿರಬಹುದು. ಟೆಕ್ಸಸ್‌ನ ಗೇರ್‌ಬಾಕ್ಸ್ ಕಂಪನಿ 2009ರಲ್ಲಿ ಶುರುಮಾಡಿದ ವಿಡಿಯೋ ಗೇಮ್ ಇದು. ನಾಲ್ಕನೆಯ ಭಾಗ 2025ರ ಸೆಪ್ಟೆಂಬರ್‌ನಲ್ಲಿ ಬಂತು.

ಒಬ್ಬರೇ ಆಡಬಹುದು, ನಾಲ್ವರು ತಂಡ ಕಟ್ಟಿಯೂ ಆಡಬಹುದು. ಬರೀ ಗುಂಡು ಹಾರಿಸಿದರೆ ಸಾಲದು, ತಮ್ಮ ಪಾತ್ರವನ್ನೂ ಬೆಳೆಸಬೇಕು. ಶತ್ರುವನ್ನು ಸೋಲಿಸಿದರೆ ಅನುಭವದ ಅಂಕ, ಅಂಕ ಕೂಡಿದರೆ ಮೇಲಿನ ಲೆವೆಲ್, ಲೆವೆಲ್ ಏರಿದರೆ ಹೊಸ ವಿದ್ಯೆ. ಬಿಡಿಭಾಗಗಳನ್ನು ಕಂಪ್ಯೂಟರೇ ಜೋಡಿಸುವುದರಿಂದ ಬಂದೂಕುಗಳಲ್ಲಿ ಲಕ್ಷಗಟ್ಟಲೆ ಬಗೆ!

ನನಗೆ ಹಿಡಿಸಿದ್ದು ಬೇರೆ. ಗಾಯಗೊಂಡು ಬಿದ್ದ ಜೊತೆಗಾರನನ್ನು ಓಡಿಬಂದು ಎಬ್ಬಿಸಬಹುದು. ಮೊದಲ ಭಾಗದಲ್ಲಿ ಸಿಕ್ಕ ಸಾಮಾನು ಮೊದಲು ಬಾಚಿಕೊಂಡವರದು. 2019ರ ಮೂರನೆಯ ಭಾಗದಿಂದ, ಬೇಕೆಂದರೆ, ಅವರವರ ಪಾಲು ಅವರವರಿಗೆ. ಜಗಳವಿಲ್ಲ! ಹೊಸಬನೂ ಪಳಗಿದವನೂ ಜೊತೆಗೂಡಿದರೆ ಶತ್ರುಗಳ ಬಲ ಇಬ್ಬರ ಮಟ್ಟಕ್ಕೂ ಹೊಂದಿಕೊಳ್ಳುತ್ತದೆ.

ನನ್ನ ಮಗನಿಗೆ ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗನ ಜೊತೆ ಇದನ್ನು ಆಡುವ ಆಸೆ. ಫೋನಿನಲ್ಲಿ ‘ಚೆನ್ನಾಗಿದ್ದೀಯಾ?’ಗೆ ಮುಗಿದುಹೋಗುವ ಮಾತು ಆಟದಲ್ಲಾದರೆ ಗಂಟೆಗಟ್ಟಲೆ ನಡೆಯುತ್ತದೆ, ಅದೂ ಕನ್ನಡದಲ್ಲಿ. ಇದನ್ನು ಬೇಡವೆನ್ನಲು ಯಾವ ತಾಯಿಗೆ ಮನಸ್ಸು ಬರುತ್ತದೆ ಹೇಳಿ?

ಆದರೆ ಅಮೆರಿಕದ ರೇಟಿಂಗ್‌ನಲ್ಲಿ ಇದಕ್ಕೆ ‘ಎಂ’, ಅಂದರೆ 17 ತುಂಬಿದವರಿಗೆ. ರಕ್ತ, ಬೈಗುಳ ಎರಡೂ ಧಾರಾಳ. ಮಗನಿಗಿನ್ನೂ 15. ಎರಡು ವರ್ಷ ತಡಿ ಅಂದೆ. ಅಲ್ಲಿಯವರೆಗೆ ಮೈನ್‌ಕ್ರಾಫ್ಟ್, ನಮ್ಮ ಶನಿವಾರ ಬೆಳಿಗ್ಗೆ, ಅವರ ಶನಿವಾರ ಸಂಜೆ.

ನಿಮ್ಮ ಮಕ್ಕಳು ಊರಿನ ಅಣ್ಣ-ತಮ್ಮ, ಅಕ್ಕ-ತಂಗಿಯರ ಜೊತೆ ಏನು ಆಡುತ್ತಾರೆ? ದಯವಿಟ್ಟು ಬರೆದು ತಿಳಿಸಿ.