ಒಳಕ್ಕೆ ತಿರುಗಿದ ಕೂದಲು

ಭಾನುವಾರ ಬೆಳಿಗ್ಗೆ ಕನಕಪುರ ಬಸ್ ನಿಲ್ದಾಣದ ಆಸುಪಾಸಿನ ಕಟಿಂಗ್ ಶಾಪುಗಳಲ್ಲಿ ಬೆಂಚು ಖಾಲಿ ಇರುವುದಿಲ್ಲ. ಮಂಗಳವಾರ ಬಾಗಿಲು ಹಾಕುವ ಈ ಅಂಗಡಿಗಳಿಗೆ ವಾರದ ದುಡಿಮೆಯ ಹೊತ್ತು ಇದೇ. ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟಿ ಬಂದ ರೈತ, ಮದುವೆಗೆ ಹೊರಟ ಹುಡುಗ, ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕಿರುವ ಇನ್ನೊಬ್ಬ ಹುಡುಗ. ಬ್ರಷ್ಷಿನಡಿ ನೊರೆ ಏಳುತ್ತದೆ. ಕಾಗದದ ಹೊದಿಕೆಯಲ್ಲೇ ಬ್ಲೇಡು ಲಟಕ್ಕನೆ ಎರಡಾಗಿ, ಅರ್ಧ ಕತ್ತಿಗೆ ಸೇರುತ್ತದೆ.

ಸೆಕ್ಯುರಿಟಿ ಹುಡುಗನ ಸರದಿ. ದವಡೆಯ ಕೆಳಗೆ, ಗಂಟಲಿನ ಇಕ್ಕೆಲದಲ್ಲಿ ಕೆಂಪು ಗುಳ್ಳೆಗಳು. ಕೆಲವಕ್ಕೆ ಕೀವು ಕಟ್ಟಿದೆ, ಹಳೆಯವು ಕಪ್ಪು ಕಲೆಗಳಾಗಿವೆ.

“ಉಲ್ಟಾನೂ ಹೊಡೀರಣ್ಣ, ನೈಸಾಗ್ ಬರ್ಲಿ.”

“ಬ್ಯಾಡ ಕಣಪ್ಪ, ಆಮೇಲೆ ಉರೀತದೆ.”

ಚರ್ಮವೈದ್ಯರು ಹೇಳುವುದೂ ಇದನ್ನೇ. ಚರ್ಮ ಎಳೆದು ಹಿಡಿದು, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಬ್ಲೇಡ್ ಆಡಿಸಿದರೆ, ಚೂಪಾಗಿ ಕತ್ತರಿಸಿಕೊಂಡ ತುದಿ ಚರ್ಮದ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ನೆಟ್ಟಗಿನ ಕೂದಲಾದರೆ ಹೇಗೋ ಹೊರಗೆ ಬಂದೀತು. ಗುಂಗುರು ಕೂದಲು ರಂಧ್ರದ ಗೋಡೆಯನ್ನೇ ಚುಚ್ಚುತ್ತದೆ. ಇಲ್ಲವೇ ಹೊರಬಂದು, ಬಾಗಿ, ಪಕ್ಕದ ಚರ್ಮಕ್ಕೆ ಹೊಗುತ್ತದೆ. ಮೈ ತನ್ನದೇ ಕೂದಲನ್ನು ಹೊಕ್ಕ ಮುಳ್ಳಿನಂತೆ ಕಂಡು ಅದರ ಮೇಲೆ ಬೀಳುತ್ತದೆ. ಊತ, ಉರಿ, ನವೆ ಎಲ್ಲ ಅದರಿಂದಲೇ. ಪಟಿಕ ಉಜ್ಜಿದರೆ ಗಾಯದ ರಕ್ತ ನಿಲ್ಲುತ್ತದೆ ನಿಜ, ಒಳಗೆ ಸಿಕ್ಕಿಕೊಂಡ ಕೂದಲು ಈಚೆ ಬಾರದು. ಪಿನ್ನಿನಿಂದ ಕೆದಕಿದರಂತೂ ಸೋಂಕು, ಮಾಯದ ಕಲೆ. ಕೆಲವು ವಾರ ಬೋಳಿಸದೆ ಬಿಟ್ಟರೆ ಕೂದಲು ಉದ್ದವಾಗಿ, ಬಹುಪಾಲು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಆದರೆ ಈ ಹುಡುಗನಿಗೆ ಆ ಕೆಲವು ವಾರಗಳನ್ನು ಯಾರು ಕೊಡುತ್ತಾರೆ? ದಿನವೂ ನುಣ್ಣಗೆ ಬೋಳಿಸಿಕೊಂಡೇ ಡ್ಯೂಟಿಗೆ ನಿಲ್ಲಬೇಕು. ಇದೇ ತೊಂದರೆ ಇರುವ ಸೈನಿಕರಿಗೆ, ಅದರಲ್ಲೂ ಗುಂಗುರು ಗಡ್ಡದ ಕಪ್ಪು ಸೈನಿಕರಿಗೆ, ಅಮೆರಿಕದ ಸೇನೆ, 2025ರಲ್ಲಿ ನಿಯಮ ಬಿಗಿ ಮಾಡುವವರೆಗೆ, ದಶಕಗಳ ಕಾಲ ವೈದ್ಯರ ಚೀಟಿಯ ಮೇಲೆ ವಿನಾಯಿತಿ ಕೊಟ್ಟಿತ್ತು. ಶಿಸ್ತಿಗೆ ಹೆಸರಾದ ಸೇನೆಗೇ ಸಾಧ್ಯವಾದದ್ದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸಾಧ್ಯವಾಗದಿರುವುದು ಅನ್ಯಾಯ ಎಂದೇ ನನಗನಿಸುತ್ತದೆ.

ಅಣ್ಣ ಕತ್ತಿ ಬದಿಗಿಟ್ಟು ಟ್ರಿಮ್ಮರ್ ಎತ್ತಿಕೊಂಡರು. ಒಂದು ಮಿಲಿಮೀಟರಿನಷ್ಟು ಉಳಿಸಿದರೂ ಸಾಕು, ತುದಿ ಚರ್ಮದೊಳಗೆ ಇಳಿಯುವುದಿಲ್ಲ. ಹುಡುಗ ಕನ್ನಡಿಯಲ್ಲಿ ಗದ್ದ ಸವರಿ ನೋಡಿಕೊಂಡ.

“ಸೂಪರ್‌ವೈಸರ್ ಬಯ್ತಾರಣ್ಣ.”

“ಸರ್ಕಾರಿ ಆಸ್ಪತ್ರೇಲಿ ಒಂದ್ ಚೀಟಿ ಬರೆಸ್ಕೊಂಡ್ ತೋರ್ಸು. ಏಳು, ಮುಂದಿನೋರು ಕಾಯ್ತಾವ್ರೆ.”