ಹೊಸತೊಡಕಿನ ಸಾರು: ಕೆಡುವುದೆಲ್ಲಿ, ಕೂಡಿಬರುವುದೆಲ್ಲಿ?

ಬೆಂಗಳೂರು: ಯುಗಾದಿಯ ಮರುದಿನ ಬೆಳಕು ಹರಿಯುವ ಮೊದಲೇ ನಗರದ ಮಾಂಸದಂಗಡಿಗಳ ಮುಂದೆ ಸಾಲು ಬೆಳೆಯುತ್ತದೆ. ಮೈಸೂರು ರಸ್ತೆಯ ಪಾಪಣ್ಣ ಮಟನ್ ಸ್ಟಾಲ್ ಎದುರಿನ ಜನಸಂದಣಿ ವರ್ಷವರ್ಷವೂ ಸುದ್ದಿಯಾಗುತ್ತದೆ. ಬನಶಂಕರಿ, ಸಾರಕ್ಕಿ, ಮಡಿವಾಳದ ಸಣ್ಣ ಅಂಗಡಿಗಳಲ್ಲೂ ಅಂದು ಬಿಡುವಿರುವುದಿಲ್ಲ. ಹೀಗೆ ಕಾದು ತಂದ ಮಾಂಸ ಅಡುಗೆಮನೆ ಸೇರಿದ ಮೇಲೆ ಉಳಿಯುವ ಆತಂಕ ಒಂದೇ. ಸಾರು ಊರಿನ ಸಾರಿನಂತೆ ಬಂದೀತೇ?

ಹೊಸತೊಡಕು ಅಥವಾ ವರ್ಷತೊಡಕು ಹಳೆ ಮೈಸೂರು ಭಾಗದ ಒಕ್ಕಲು ಮನೆಗಳ ಬಾಡೂಟದ ದಿನ. ಅಂದು ಏನು ನಡೆಯುತ್ತದೆಯೋ ಅದೇ ವರ್ಷವಿಡೀ ನಡೆಯುತ್ತದೆ ಎಂಬ ನಂಬಿಕೆ ಈ ದಿನಕ್ಕಿದೆ. ಆದ್ದರಿಂದ ಅಂದಿನ ಸಾರು ನೀರಾದರೆ ಬರಿಯ ಒಂದು ಊಟ ಕೆಟ್ಟಿತೆಂದು ಯಾರೂ ಸುಮ್ಮನಾಗುವುದಿಲ್ಲ. ದಕ್ಷಿಣ ಬೆಂಗಳೂರಿಗೆ ಈ ಹಬ್ಬ ಹೊರಗಿನಿಂದ ಬಂದದ್ದಲ್ಲ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರವಾಗಲಿ, ನಂತರ ಬೆಳೆದ ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಾಗಲಿ ತಲೆಯೆತ್ತಿದ್ದು ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ಕತ್ರಿಗುಪ್ಪೆ, ತಾವರೆಕೆರೆಯಂಥ ಹಳ್ಳಿಗಳ ಹೊಲಗದ್ದೆಗಳಲ್ಲಿ. ಹಳೆಯ ಮನೆತನಗಳು ಅಲ್ಲಿಯೇ ಇವೆ. ಜೊತೆಗೆ ಮಂಡ್ಯ, ಹಾಸನ, ತುಮಕೂರಿನಿಂದ ಬಂದು ಬಾಡಿಗೆ ಕೋಣೆಗಳಲ್ಲಿ ನೆಲೆಸಿದ ಯುವಕ ಯುವತಿಯರಿದ್ದಾರೆ. ಹಬ್ಬಕ್ಕೆ ಊರಿಗೆ ಹೋಗಲಾಗದವರು ಅಮ್ಮನಿಗೆ ದೂರವಾಣಿ ಮಾಡಿ ಅಳತೆ ಕೇಳುತ್ತಾರೆ. ಅತ್ತಲಿಂದ ಬರುವ ಉತ್ತರ, 'ಅಂದಾಜಿಗೆ ಹಾಕು ಮಗಾ'.

ಈ ಅಂದಾಜು ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಆದರೂ ಅದರ ಹಿಂದಿನ ಕಾರಣಗಳನ್ನು ತಿಳಿದರೆ ಹೊಸಬರ ಕೈಯಲ್ಲೂ ಸಾರು ಕೆಡುವುದಿಲ್ಲ.

ಮೂಳೆಯಿಲ್ಲದೆ ಸಾರಿಲ್ಲ

ಸಾರಿನ ಹಣೆಬರಹ ಅಂಗಡಿಯಲ್ಲಿಯೇ ಅರ್ಧ ನಿರ್ಧಾರವಾಗುತ್ತದೆ. ಹಳ್ಳಿಗಳಲ್ಲಿ ಚೀಟಿ ಕಟ್ಟಿ ಕುರಿ ತಂದು ಹಂಚಿಕೊಳ್ಳುವ ಗುಡ್ಡೆ ಮಾಂಸದ ಪದ್ಧತಿಯಲ್ಲಿ ಪ್ರತಿ ಗುಡ್ಡೆಗೂ ತೊಡೆ, ಎದೆ, ಮೂಳೆ, ಈಲಿ, ಕೊಬ್ಬು ಎಲ್ಲವೂ ಸ್ವಲ್ಪಸ್ವಲ್ಪ ಬೀಳುತ್ತವೆ. ಇದು ನ್ಯಾಯದ ಲೆಕ್ಕ. ರುಚಿಯ ಲೆಕ್ಕವೂ ಹೌದು. ಮೂಳೆ ಮತ್ತು ನರಗಳಲ್ಲಿರುವ ಕೊಲಾಜನ್ ಎಂಬ ಅಂಶ ನಿಧಾನವಾಗಿ ಬೆಂದಾಗ ಜೆಲಟಿನ್ ಆಗಿ ಕರಗಿ ಸಾರಿಗೆ ಮೈ ಕೊಡುತ್ತದೆ. ತುಟಿಗೆ ತುಸು ಅಂಟುವ ಆ ಗುಣ ಯಾವ ಪುಡಿಯಿಂದಲೂ ಬಾರದು. ಸಾರಿಗೆಂದು ಮೂಳೆರಹಿತ ಮಾಂಸ ಕೇಳುವುದು ದುಡ್ಡು ಕೊಟ್ಟು ರುಚಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದಂತೆ. ಒಂದು ಕಿಲೋ ಮಾಂಸದಲ್ಲಿ ಎದೆಯ ಭಾಗ, ಒಂದೆರಡು ನಲ್ಲಿ ಮೂಳೆ, ಚೂರು ಕೊಬ್ಬು ಇರುವಂತೆ ಕೇಳಿ ಪಡೆಯಬೇಕು.

ಪಾಶ್ಚಾತ್ಯರ ಹಬ್ಬದೂಟದಲ್ಲಿ ಟರ್ಕಿ ಕೋಳಿಯನ್ನು ಒಲೆಯಲ್ಲಿ ಬೇಯಿಸಿದಾಗ ಇಳಿದ ರಸಕ್ಕೆ ಹಿಟ್ಟು ಕೂಡಿಸಿ ಗ್ರೇವಿ ಮಾಡುತ್ತಾರೆ. ಅಲ್ಲಿ ಮಂದ ಮಾಡುವುದು ಹಿಟ್ಟು, ಪರಿಮಳ ಕೊಡುವುದು ತಳ ಹಿಡಿದ ರಸ. ನಮ್ಮಲ್ಲಿ ಎರಡೂ ಕೆಲಸವನ್ನು ರುಬ್ಬಿದ ಮಸಾಲೆಯೇ ಮಾಡಬೇಕು. ಮಸಾಲೆ ತಪ್ಪಿದರೆ ಎರಡೂ ತಪ್ಪುತ್ತವೆ.

ಹುರಿಯುವುದರಲ್ಲಿದೆ ಹದ

ಒಂದು ಕಿಲೋ ಮಾಂಸಕ್ಕೆ ನಾಲ್ಕು ದೊಡ್ಡ ಚಮಚ ಕೊತ್ತಂಬರಿ ಬೀಜ, ಎಂಟು ಹತ್ತು ಬ್ಯಾಡಗಿ ಮೆಣಸಿನಕಾಯಿ, ನಾಲ್ಕೈದು ಗುಂಟೂರು ಮೆಣಸಿನಕಾಯಿ, ಒಂದು ಸಣ್ಣ ಚಮಚ ಕಾಳುಮೆಣಸು, ಎರಡು ತುಂಡು ಚಕ್ಕೆ, ಆರು ಲವಂಗ, ಒಂದು ಮರಾಠಿ ಮೊಗ್ಗು ಸಾಕು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಕೆಂಪಾಗಲೆಂದು ಗುಂಟೂರು ಕಾಯಿಯನ್ನೇ ಸುರಿದರೆ ಮಕ್ಕಳು ಮರಿ ಊಟಕ್ಕೆ ಕೂರುವಂತಿಲ್ಲ.

ಇವುಗಳನ್ನು ಸಣ್ಣ ಉರಿಯಲ್ಲಿ, ಒಂದೊಂದನ್ನೂ ಬೇರೆಬೇರೆಯಾಗಿ ಹುರಿಯಬೇಕು. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಹಾಕಿದರೆ ಕೊತ್ತಂಬರಿ ಬೀಜ ಬೆಚ್ಚಗಾಗುವ ಹೊತ್ತಿಗೆ ಮೆಣಸಿನಕಾಯಿ ಕಪ್ಪಾಗಿರುತ್ತದೆ. ಅನಂತರ ಮೂರು ನಾಲ್ಕು ಈರುಳ್ಳಿ ಮತ್ತು ಒಂದು ಗಡ್ಡೆ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹುರಿಯಬೇಕು. ಈರುಳ್ಳಿಯ ಅಂಚು ಕಂದುಬಣ್ಣಕ್ಕೆ ತಿರುಗಲು ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ. ಬಹುಪಾಲು ಮನೆಗಳಲ್ಲಿ ಸಾರು ಸಪ್ಪೆಯಾಗುವುದು ಈ ಹತ್ತು ನಿಮಿಷವನ್ನು ಮೂರಕ್ಕೆ ಇಳಿಸಿದ್ದರಿಂದ. ಬೆಳ್ಳುಳ್ಳಿ ಮಾತ್ರ ಸೀಯಬಾರದು. ಸೀದ ಬೆಳ್ಳುಳ್ಳಿಯ ಕಹಿಗೆ ಮದ್ದಿಲ್ಲ. ಅದನ್ನು ಚೆಲ್ಲಿ ಮತ್ತೆ ಹುರಿಯುವುದೇ ಲೇಸು.

ಇಷ್ಟಕ್ಕೆ ಎರಡಂಗುಲ ಶುಂಠಿ, ಎರಡು ಟೊಮೇಟೊ, ಹಿಡಿಯಷ್ಟು ಕೊತ್ತಂಬರಿ ಸೊಪ್ಪು ಸೇರಿಸಿ ರುಬ್ಬಿದರೆ ಖಾರದ ಮಸಾಲೆ ಸಿದ್ಧ. ಅರ್ಧ ಹೋಳು ತೆಂಗಿನಕಾಯಿ, ಎರಡು ಚಮಚ ಹುರಿಗಡಲೆ, ಎರಡು ಸಣ್ಣ ಚಮಚ ಗಸಗಸೆ ಕೂಡಿಸಿದ್ದು ಕಾಯಿ ಮಸಾಲೆ. ಇವೆರಡನ್ನೂ ಪ್ರತ್ಯೇಕವಾಗಿ ಇಟ್ಟುಕೊಳ್ಳುವುದಕ್ಕೆ ಕಾರಣವಿದೆ. ಖಾರದ ಮಸಾಲೆ ಚೆನ್ನಾಗಿ ಕುದಿಯದಿದ್ದರೆ ಹಸಿ ವಾಸನೆ ಹೋಗುವುದಿಲ್ಲ. ಕಾಯಿ ಹೆಚ್ಚು ಕುದಿದರೆ ಒಡೆದು ಹಿಂಡಿಯಂತಾಗುತ್ತದೆ. ಒರಳು ಇಲ್ಲದ ಮನೆಗಳಲ್ಲಿ ಒಣ ಪದಾರ್ಥವನ್ನು ಮೊದಲು ಪುಡಿ ಮಾಡಿ, ಆಮೇಲೆ ನೀರು ಹಾಕಿ, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಮಸಾಲೆ ಬಿಸಿಯಾಗದೆ ನುಣ್ಣಗಾಗುತ್ತದೆ.

ಇನ್ನು ಮಾಂಸ. ಕುಕ್ಕರಿಗೆ ಎಣ್ಣೆ, ಹೆಚ್ಚಿದ ಒಂದು ಈರುಳ್ಳಿ, ಅರಿಶಿನ, ಉಪ್ಪು ಹಾಕಿ ತೊಳೆದ ಮಾಂಸವನ್ನು ಬಾಡಿಸಬೇಕು. ಮಾಂಸ ಬಿಟ್ಟ ನೀರು ಪೂರ್ತಿ ಇಂಗಿ, ತಳದಲ್ಲಿ ಎಣ್ಣೆ ಚಟಪಟ ಎನ್ನುವವರೆಗೆ ತಾಳ್ಮೆ ಬೇಕು. ಆಮೇಲೆ ಬಿಸಿನೀರು ಹಾಕಿ ಮುಚ್ಚಳ ಮುಚ್ಚುವುದು. ಕುಕ್ಕರಿನೊಳಗೆ ಉಷ್ಣಾಂಶ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಏರುವುದರಿಂದ ಎಳೆಯ ಕುರಿ ನಾಲ್ಕೈದು ಕೂಗಿಗೆ ಬೇಯುತ್ತದೆ. ಬಲಿತದ್ದಾದರೆ, ನಾಟಿ ಕೋಳಿಯಾದರೆ ಇನ್ನೂ ಎರಡು ಮೂರು ಕೂಗು ಬೇಕಾದೀತು. ಮುಚ್ಚಳ ತೆಗೆದು ಖಾರದ ಮಸಾಲೆ ಬೆರೆಸಿ ಹದಿನೈದು ನಿಮಿಷ, ಕಾಯಿ ಮಸಾಲೆ ಬೆರೆಸಿ ಐದಾರು ನಿಮಿಷ ಸಣ್ಣ ಉರಿಯಲ್ಲಿ ತೆರೆದೇ ಕುದಿಸಬೇಕು. ಮಸಾಲೆಯ ಪರಿಮಳ ಹೆಚ್ಚಾಗಿ ಕರಗುವುದು ಕೊಬ್ಬಿನಲ್ಲಿ. ಮೇಲೆ ಕೆಂಪು ಎಣ್ಣೆ ತೇಲಿದರೆ ಸಾರು ಕೂಡಿಬಂತೆಂದು ಹಿರಿಯರು ಹೇಳುವುದು ಇದೇ ಕಾರಣಕ್ಕೆ.

ಸಾರು ತೆಳ್ಳಗಾಯಿತೆಂದು ಮೆಕ್ಕೆಜೋಳದ ಹಿಟ್ಟು ಕದಡುವುದು ಹೋಟೆಲಿನ ಉಪಾಯ. ಅದರಿಂದ ಸಾರು ಮಂದವಾದೀತು, ಆದರೆ ಮುದ್ದೆಗೆ ಹೊಂದುವುದಿಲ್ಲ. ಒಂದು ಚಮಚ ಹುರಿಗಡಲೆ ಪುಡಿಯನ್ನು ನೀರಿನಲ್ಲಿ ಕಲಸಿ ಹಾಕಿದರೆ ಸಾಕು. ಗಟ್ಟಿಯಾದರೆ ಬಿಸಿನೀರನ್ನೇ ಹಾಕಬೇಕು. ಕುದಿಯುವ ಸಾರಿಗೆ ನಲ್ಲಿಯ ತಣ್ಣೀರು ಸುರಿದು ಒಡನೆ ಬಡಿಸಿದರೆ ನೀರೊಂದು ಕಡೆ, ಮಸಾಲೆಯೊಂದು ಕಡೆ. ಉಪ್ಪು ಮುಂದಾದರೆ ಇನ್ನಷ್ಟು ಕಾಯಿ ರುಬ್ಬಿ ಹಾಕಿ ಕುದಿಸಬಹುದು. ಹುಳಿ ಹಿಂಡಿ ಮುಚ್ಚಿಹಾಕುವ ಪ್ರಯತ್ನ ಫಲಿಸುವುದು ಕಡಿಮೆ.

ಕೆಲಸಕ್ಕೆ ಹೋಗುವವರ ತೊಡಕು

ಹೊಸತೊಡಕಿಗೆ ಪ್ರತ್ಯೇಕ ಸರ್ಕಾರಿ ರಜೆಯಿಲ್ಲ. 2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು. ಮರುದಿನ ಸೋಮವಾರವೇ ರಂಜಾನ್ ಹಬ್ಬವೂ ಇದ್ದುದರಿಂದ ರಜೆ ಸಿಕ್ಕಿತು. ಆದರೆ ಸೋಮವಾರ ಮಾಂಸ ಮುಟ್ಟದ ಮನೆಗಳಿಗೆ ಆ ರಜೆ ಬಾಡೂಟದ ಮಟ್ಟಿಗೆ ಉಪಯೋಗಕ್ಕೆ ಬರಲಿಲ್ಲ. ಮಂಗಳವಾರ ಕಚೇರಿ ಮುಗಿಸಿ ಬಂದು ಒಲೆ ಹಚ್ಚುವವರಿಗೆ ಎರಡು ಗಂಟೆಯ ಅಡುಗೆ ಹೊರೆಯೇ ಸರಿ.

ಇದಕ್ಕೆ ದಾರಿಯಿದೆ. ಯುಗಾದಿಯ ದಿನ ಒಲೆಯೆಲ್ಲ ಒಬ್ಬಟ್ಟಿಗೆ, ಬೇಳೆ ಕಟ್ಟಿನ ಒಬ್ಬಟ್ಟಿನ ಸಾರಿಗೆ ಮೀಸಲು. ಆದ್ದರಿಂದ ಒಣ ಮಸಾಲೆಯನ್ನು ಹಬ್ಬಕ್ಕೆ ಎರಡು ದಿನ ಮೊದಲೇ ಹುರಿದು, ಆರಿದ ಮೇಲೆ ಪುಡಿ ಮಾಡಿ ಗಾಳಿಯಾಡದ ಡಬ್ಬದಲ್ಲಿ ಇಡಬಹುದು. ಬಾಡೂಟದ ದಿನ ಈರುಳ್ಳಿ ಹುರಿಯುವುದು, ಕಾಯಿ ರುಬ್ಬುವುದಷ್ಟೇ ಉಳಿಯುತ್ತದೆ. ಅಂಗಡಿಯ ಮಟನ್ ಸಾರಿನ ಪುಡಿ ಬಳಸುವುದು ತಪ್ಪೇನಲ್ಲ. ಪುಡಿ ಯಾರದೇ ಆಗಿರಲಿ, ಈರುಳ್ಳಿಯ ಹತ್ತು ನಿಮಿಷ ಮತ್ತು ಮಾಂಸ ಬಾಡಿಸುವ ಹೊತ್ತನ್ನು ಬಿಡುವಂತಿಲ್ಲ.

ಒಲೆಯಿಂದ ಇಳಿಸಿದ ಸಾರು ಅರ್ಧ ಗಂಟೆ ಕುಳಿತರೆ ಮುದ್ದೆಯ ಜೊತೆ ಹೆಚ್ಚು ರುಚಿ. ಆ ಹೊತ್ತಿಗೆ ಮುದ್ದೆ ತೊಳಸಿಕೊಳ್ಳಬಹುದು. ಮರುದಿನದ ಸಾರು ಇನ್ನೂ ರುಚಿಯೆಂಬುದು ನಿಜವಾದರೂ ಮಾರ್ಚ್, ಏಪ್ರಿಲ್‌ನ ಸೆಕೆಯಲ್ಲಿ ಕಾಯಿ ಹಾಕಿದ ಸಾರು ಬೇಗ ಹಳಸುತ್ತದೆ. ಉಳಿಯುವುದನ್ನು ಅಗಲವಾದ ಪಾತ್ರೆಗೆ ಸುರಿದು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಬೇಕು. ಬೆಳಿಗ್ಗೆ ಬೇಕಾದಷ್ಟನ್ನು ಮಾತ್ರ ತೆಗೆದು ಮರಳುವಂತೆ ಕುದಿಸಿದರೆ ದೋಸೆಗೂ ಆದೀತು, ಇಡ್ಲಿಗೂ ಆದೀತು.